ಹಳೇ ಪ್ಯಾಚ್, ಹೊಸ ಜನ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ವಿಮರ್ಶೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ (ವಾವ್) ಅಂದರೆ ಸಾವಿರಾರು ಜನ ಒಂದೇ ಜಗತ್ತಿನಲ್ಲಿ ಒಟ್ಟಿಗೆ ಆಡುವ, ಬ್ಲಿಝರ್ಡ್ ಕಂಪನಿಯ ಆನ್‌ಲೈನ್ ಆಟ. ಅದರ ಹಳೇ ರೂಪವನ್ನು ವಾಪಸ್ ತಂದದ್ದೇ ಕ್ಲಾಸಿಕ್. ಆದರೆ ಯಾವ ಹಳೇ ರೂಪ? ಆಲ್ಟೆರಾಕ್ ವ್ಯಾಲಿ ಎಂಬ ರಣರಂಗವನ್ನೇ ತಗೊಳ್ಳಿ. 2005ರ ಜೂನ್‌ನಲ್ಲಿ 1.5 ಪ್ಯಾಚ್ (ಆಟವನ್ನು ಬದಲಿಸುವ ತಿದ್ದುಪಡಿ) ಜೊತೆ ಬಂದಾಗ 40 ಜನರ ಎದುರು 40 ಜನ ನಿಂತು ಒಂದೊಂದು ಪಂದ್ಯವನ್ನು ಗಂಟೆಗಟ್ಟಲೆ ಎಳೆಯುತ್ತಿದ್ದರು. ಊಟ ಮುಗಿಸಿ ವಾಪಸ್ ಬಂದರೂ ಅದೇ ಪಂದ್ಯ ನಡೆಯುತ್ತಿರುತ್ತಿತ್ತು. 2006ರ ಆಗಸ್ಟ್‌ನ 1.12 ಹೊತ್ತಿಗೆ ದಾರಿಗೆ ಅಡ್ಡ ನಿಲ್ಲುತ್ತಿದ್ದ ಕಾವಲು ಪಡೆಯನ್ನು ಬಹುಪಾಲು ಕಿತ್ತುಹಾಕಿದ್ದರು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡದೆ ಕುದುರೆ ಓಡಿಸಿಕೊಂಡು ಎದುರಾಳಿ ಸೇನಾಪತಿಯ ಕೋಣೆಗೆ ನುಗ್ಗಿದರೆ ಆಟ ಬೇಗ ಖಲಾಸ್. ಎರಡಕ್ಕೂ ಹೆಸರು ‘ಹಳೇ ವಾವ್’ ಅಂತಲೇ. 2019ರ ಆಗಸ್ಟ್ 26ರಂದು ಬ್ಲಿಝರ್ಡ್ ವಾಪಸ್ ತಂದದ್ದು ಎರಡನೆಯದನ್ನು. ಬೇಕು ಬೇಕು ಎಂದು ಗಲಾಟೆ ಮಾಡಿದವರಲ್ಲಿ ಹಲವರ ಮನಸ್ಸಿನಲ್ಲಿದ್ದದ್ದು ಮೊದಲನೆಯದು.

ಕ್ಲಾಸಿಕ್‌ನ ಒಳ್ಳೆಯದು ಕೆಟ್ಟದ್ದೆಲ್ಲ ಹುಟ್ಟಿರುವುದು ಈ ಒಂದು ಎಡವಟ್ಟಿನಿಂದ. 2004ರ ನವೆಂಬರ್‌ನಿಂದ 2006ರ ಕೊನೆಯವರೆಗೆ ಆಟ ಹತ್ತಾರು ಸಲ ಬದಲಾಗಿತ್ತು. ವಾಪಸ್ ತರುವವರು ಅದರಲ್ಲಿ ಯಾವುದೋ ಒಂದು ಪ್ಯಾಚ್‌ಗೆ ಮೊಳೆ ಹೊಡೆಯಲೇಬೇಕು. 1.12 ಆರಿಸಿದ್ದಕ್ಕೆ ಕಾರಣ ಸರಳ: ಮೊದಲ ವಿಸ್ತರಣೆ (ಆಟಕ್ಕೆ ಸೇರಿಸಿದ ದೊಡ್ಡ ಹೊಸ ಭಾಗ) ‘ಬರ್ನಿಂಗ್ ಕ್ರುಸೇಡ್’ಗೆ ಮುಂಚಿನ ಅತ್ಯಂತ ಪೂರ್ಣ ಆವೃತ್ತಿ ಅದು, ಅದರ ಡೇಟಾ ಬ್ಯಾಕಪ್‌ನಲ್ಲಿ ಸಿಕ್ಕಿತ್ತು ಕೂಡ. ಹಳೇ ಕೋಡನ್ನೇ ಓಡಿಸುವ ಪ್ರಯೋಗವೂ ಮೊದಲು ನಡೆಯಿತು. ಆದರೆ ಅದಕ್ಕೆ ಇವತ್ತಿನ ಲಾಗಿನ್ ಗೊತ್ತಿಲ್ಲ, ಮೋಸ ಹಿಡಿಯುವ ಇವತ್ತಿನ ವ್ಯವಸ್ಥೆ ಗೊತ್ತಿಲ್ಲ. ಹಾಗಾಗಿ 7.3.5ರ ಆಧುನಿಕ ಎಂಜಿನ್‌ಗೆ 1.12ರ ಡೇಟಾ ತುಂಬಿದರು. ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಹಳೇ ಡೇಟಾದಲ್ಲಿ ಒಂದು ಮಂತ್ರವೆಂದರೆ ಒಂದೇ ಸಾಲು, ಅದರಲ್ಲಿ ಹೆಚ್ಚೆಂದರೆ ಮೂರು ಪರಿಣಾಮ. ಹೊಸದರಲ್ಲಿ ಅದೇ ಮಂತ್ರ ಹಲವು ಕೋಷ್ಟಕಗಳಲ್ಲಿ ಹರಡಿಕೊಂಡಿರುತ್ತದೆ. ಒಂದೊಂದನ್ನೂ ಹೊಸ ಅಚ್ಚಿಗೆ ಎರಕ ಹೊಯ್ಯಬೇಕಾಯಿತು. ಈ ಎಂಜಿನಿಯರಿಂಗ್ ಕೆಲಸಕ್ಕೆ ಪೂರ್ತಿ ಅಂಕ ಕೊಡಬೇಕು. ಆರಂಭಕ್ಕೆ ಮುಂಚೆ ‘ಇದು ದೋಷವಲ್ಲ’ ಎಂಬ ಪಟ್ಟಿಯನ್ನೇ ಕಂಪನಿ ಪ್ರಕಟಿಸಿತ್ತು. ಟಾರೆನ್ ಪಾತ್ರಗಳ ಹೊಡೆತ ಬೇರೆ ಜನಾಂಗಗಳಿಗಿಂತ ತುಸು ದೂರ ತಲುಪುತ್ತದೆ, ಕ್ವೆಸ್ಟ್‌ನ (ಆಟ ಒಪ್ಪಿಸುವ ಕೆಲಸದ) ಗುರಿ ನಕ್ಷೆಯಲ್ಲಿ ಕಾಣುವುದಿಲ್ಲ, ಹೀಗೆ. ಹೊಸ ಹುಡುಗರು ದೋಷವೆಂದು ದೂರುತ್ತಿದ್ದದ್ದು ಹಳಬರ ಪಾಲಿಗೆ ಆಟವೇ ಆಗಿತ್ತು.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡೋಣ. 1ರಿಂದ 60ನೇ ಲೆವೆಲ್‌ವರೆಗಿನ ಪ್ರಯಾಣ ಇವತ್ತಿಗೂ ಅದ್ಭುತ. ಎಲ್ವಿನ್ ಕಾಡಿನಲ್ಲಿ ಹಾಗರ್ ಎಂಬ 11ನೇ ಲೆವೆಲ್‌ನ ಪುಂಡ ಇದ್ದಾನೆ. ಒಬ್ಬರೇ ಹೋದರೆ ಸಾಯುತ್ತೀರಿ. ಅಕ್ಕಪಕ್ಕ ಓಡಾಡುವವರನ್ನು ‘ಬರ್ತೀರಾ?’ ಎಂದು ಕೇಳಲೇಬೇಕು. ಗುಹೆಗೆ (ತಂಡವಾಗಿ ನುಗ್ಗುವ ಡಂಜನ್‌ಗೆ) ತಂಡ ಕಟ್ಟಿಕೊಡುವ ಬಟನ್ ಇಲ್ಲ, ಗುಹೆಯ ಬಾಗಿಲಿಗೆ ಹಾರಿಸಿಬಿಡುವ ಸೌಲಭ್ಯವೂ ಇಲ್ಲ. ನೀರು ಬೇಕಾದರೆ ಮೇಜ್ (ಮಾಂತ್ರಿಕ) ಸ್ನೇಹಿತ ಬೇಕು, ದೂರದಿಂದ ಕರೆಸಿಕೊಳ್ಳಲು ವಾರ್ಲಾಕ್ (ಮಾಟಗಾರ) ಮತ್ತು ಇನ್ನಿಬ್ಬರು ಬೇಕು. 40ನೇ ಲೆವೆಲ್‌ನಲ್ಲಿ ಕುದುರೆಗೆ ಸುಮಾರು 100 ಗೋಲ್ಡ್ (ಆಟದ ನಾಣ್ಯ) ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅದಕ್ಕೇ ಆ ಕುದುರೆ ಏರಿದ ದಿನ ನೆನಪಿನಲ್ಲಿ ಉಳಿಯುತ್ತದೆ. ಆರಂಭದ ದಿನಗಳಲ್ಲಿ ಒಂದೇ ರಾಕ್ಷಸನಿಗಾಗಿ ಆಟಗಾರರು ತಾವಾಗಿಯೇ ನ್ಯಾಯಬೆಲೆ ಅಂಗಡಿ ಮುಂದೆ ನಿಂತಂತೆ ಸಾಲು ನಿಂತರು. ಕೋಡ್‌ನಲ್ಲಿ ಸಾಲು ಎಂಬುದೇ ಇರಲಿಲ್ಲ.

ಹಾಗಾದರೆ ಹಳೇ ತೊಂದರೆಗಳನ್ನೆಲ್ಲ ಹಾಗೇ ಇಟ್ಟುಕೊಳ್ಳಬೇಕೇ? ಇಲ್ಲ. ಪ್ರತಿಯೊಂದು ತೊಂದರೆಯ ಮುಂದೆಯೂ ಒಂದು ಪ್ರಶ್ನೆ ಇಡಬೇಕು: ಇದು ಒಬ್ಬ ಆಟಗಾರನನ್ನು ಇನ್ನೊಬ್ಬನ ಹತ್ತಿರ ಕಳಿಸುತ್ತಿತ್ತೋ, ಅಥವಾ ಆಗಿನ ಸರ್ವರ್‌ನ ಬಡತನವಷ್ಟೇ ಆಗಿತ್ತೋ? ಬ್ಲಿಝರ್ಡ್ ಈ ವಿಂಗಡಣೆಯನ್ನು ಆರಂಭದಲ್ಲಿ ಮಾಡಲಿಲ್ಲ. ಎಲ್ಲವನ್ನೂ ‘ಹಳೆಯದು’ ಎಂಬ ಒಂದೇ ಮೂಟೆಗೆ ಕಟ್ಟಿತು.

ಮಂತ್ರಗಳ ಬ್ಯಾಚಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಆಗಿನ ಸರ್ವರ್‌ಗಳು ಕೆಲವು ಬಗೆಯ ಕ್ರಿಯೆಗಳನ್ನು ಬಂದ ಕೂಡಲೇ ನಡೆಸದೆ, 400 ಮಿಲಿಸೆಕೆಂಡ್‌ಗಳ ಒಂದೊಂದು ಕಂತಿಗೆ ಸೇರಿಸಿ ಒಟ್ಟಿಗೆ ಲೆಕ್ಕ ಹಾಕುತ್ತಿದ್ದವು. ಇಬ್ಬರು ಮೇಜ್‌ಗಳು ಒಂದೇ ಕಂತಿನಲ್ಲಿ ಒಬ್ಬರನ್ನೊಬ್ಬರು ಕುರಿ ಮಾಡಿದರೆ ಇಬ್ಬರೂ ಕುರಿಗಳೇ. ತಮಾಷೆ ನಿಜ. ಆದರೆ ಅದು ಹಾರ್ಡ್‌ವೇರ್‌ನ ಮಿತಿಯೇ ಹೊರತು ವಿನ್ಯಾಸವಲ್ಲ. ಕ್ಲಾಸಿಕ್‌ನಲ್ಲಿ ವೇಗದ ಸರ್ವರ್ ಮೇಲೆ ಈ ನಿಧಾನವನ್ನು ಕೃತಕವಾಗಿ ಹೇರಿದರು. ಗಾಯ ವಾಸಿಮಾಡುವ ಹೀಲರ್‌ನ ಮಂತ್ರ ಮುಗಿದಿರುತ್ತದೆ, ಏಟುಗಳನ್ನು ಮೈಮೇಲೆ ಎಳೆದುಕೊಳ್ಳುವ ಟ್ಯಾಂಕ್ ಸತ್ತಿರುತ್ತಾನೆ. ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗೆ 150 ಮಿಲಿಸೆಕೆಂಡ್ ಆಸುಪಾಸು ಪಿಂಗ್ (ಸಂದೇಶ ಹೋಗಿ ಬರುವ ಸಮಯ) ಇರುವವರಿಗೆ ಇದರ ಮೇಲೆ ಅದೂ ಸೇರಿ ಅರ್ಧ ಸೆಕೆಂಡು ಕೈಬಿಟ್ಟು ಹೋಗುತ್ತಿತ್ತು. 2021ರಲ್ಲಿ ಬರ್ನಿಂಗ್ ಕ್ರುಸೇಡ್ ಕ್ಲಾಸಿಕ್ ಬಂದಾಗ ಈ ಕಂತನ್ನು 10 ಮಿಲಿಸೆಕೆಂಡ್‌ಗೆ ಇಳಿಸಿದರು. ಅದರಿಂದ ಹಳೇ ರುಚಿ ಕೆಟ್ಟಿತು ಎಂದವರು ವಿರಳ.

ಈಗ ನಿಜವಾದ ಸಮಸ್ಯೆಗೆ ಬರೋಣ. ಪ್ಯಾಚ್ ಹಳೆಯದು, ಆಡುವವರ ಜ್ಞಾನ ಹೊಸದು. ಜೊತೆಗೆ ಮೊದಲ ಬಾಸ್‌ಗಳು (ದೊಡ್ಡ ರಾಕ್ಷಸರು) 2005ರ ಕಾಲದವು, ಪಾತ್ರಗಳ ಟ್ಯಾಲೆಂಟ್ (ಆಟಗಾರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) 2006ರದು. ಎರಡು ವರ್ಷಗಳಲ್ಲಿ ಪ್ರತಿ ವರ್ಗದ ಟ್ಯಾಲೆಂಟ್ ಮರವನ್ನೂ ಒಂದೊಂದಾಗಿ ಬಲಪಡಿಸಿದ್ದರು. ಅದೇ ಬಲದೊಂದಿಗೆ ಮೊದಲ ರೈಡ್ (ದೊಡ್ಡ ತಂಡ ಸೇರಿ ಬಾಸ್‌ಗಳ ಮೇಲೆ ನಡೆಸುವ ದಾಳಿ) ಮೋಲ್ಟನ್ ಕೋರ್‌ಗೆ ನುಗ್ಗಿದರೆ ಏನಾಗಬೇಕೋ ಅದೇ ಆಯಿತು. ಮೂಲ ಆಟದಲ್ಲಿ ಅದರ ಕೊನೆಯ ಬಾಸ್ ರಾಗ್ನರೋಸ್ ಮೊದಲ ಸಲ ಬಿದ್ದದ್ದು 2005ರ ಏಪ್ರಿಲ್‌ನಲ್ಲಿ, ಆಟ ಬಂದು ಐದು ತಿಂಗಳ ಮೇಲೆ. ಕ್ಲಾಸಿಕ್‌ನಲ್ಲಿ ಒಂದು ವಾರವೂ ಹಿಡಿಯಲಿಲ್ಲ. ಕೊಂದ ತಂಡದಲ್ಲಿ 60ನೇ ಲೆವೆಲ್ ಮುಟ್ಟದವರೂ ಇದ್ದರು. ಕೊನೆಯ ರೈಡ್ ನಾಕ್ಸ್‌ರಾಮಾಸ್ 2020ರ ಡಿಸೆಂಬರ್‌ನಲ್ಲಿ ತೆರೆದ ಕೆಲವೇ ಗಂಟೆಗಳಲ್ಲಿ ಖಾಲಿಯಾಯಿತು.

ಜ್ಞಾನ ಎಂದರೆ ಎಂಥದ್ದು, ಒಂದು ಲೆಕ್ಕ ನೋಡಿ. 60ನೇ ಲೆವೆಲ್ ವಾರಿಯರ್‌ನ ಕತ್ತಿ ಕೌಶಲ 300. ರೈಡ್ ಬಾಸ್ 63ನೇ ಲೆವೆಲ್‌ಗೆ ಸಮ, ಅದರ ರಕ್ಷಣೆ 315. ಈ 15 ಅಂಕಗಳ ಅಂತರದಿಂದಾಗಿ ಮಾಮೂಲಿ ಏಟುಗಳಲ್ಲಿ ಶೇ. 40ರಷ್ಟು ಸವರಿಕೊಂಡು ಹೋಗುತ್ತವೆ, ಅಂಥ ಏಟಿನ ಬಲ ಸರಾಸರಿ ಶೇ. 35 ಕಮ್ಮಿ. ಕೌಶಲವನ್ನು 305 ಮಾಡಿಕೊಂಡರೆ ಆ ನಷ್ಟ ಶೇ. 15ಕ್ಕೆ ಇಳಿಯುತ್ತದೆ. ವಿಶೇಷ ಏಟುಗಳ ಗುರಿ ತಪ್ಪದಿರಲು ಬೇಕಾದ ಹಿಟ್ (ಏಟು ತಾಗಿಸುವ ಅಂಕಿ) ಶೇ. 9ರಿಂದ 6ಕ್ಕೆ ಬರುತ್ತದೆ. ಮನುಷ್ಯ ಜನಾಂಗಕ್ಕೆ ಕತ್ತಿ ಮತ್ತು ಗದೆಯಲ್ಲಿ, ಆರ್ಕ್‌ಗಳಿಗೆ ಕೊಡಲಿಯಲ್ಲಿ ಈ 5 ಅಂಕ ಹುಟ್ಟಿನಿಂದಲೇ ಬಂದಿರುತ್ತದೆ. ಉಳಿದವರು ಎಡ್ಜ್‌ಮಾಸ್ಟರ್ಸ್ ಹ್ಯಾಂಡ್‌ಗಾರ್ಡ್ಸ್ ಎಂಬ ಕೈಗವಸು ಹುಡುಕಬೇಕು. ಶಕ್ತಿ, ಆಯಸ್ಸು ಏನೂ ಕೊಡದ ಗವಸು ಅದು, ಕೊಡಲಿ, ಚೂರಿ, ಕತ್ತಿಗಳಲ್ಲಿ ಕೌಶಲ 7 ಹೆಚ್ಚಿಸುತ್ತದೆ ಅಷ್ಟೇ. 2005ರಲ್ಲಿ ಬಹಳ ಜನ ಅದರ ಕಡೆ ಎರಡು ಸಲ ನೋಡುತ್ತಿರಲಿಲ್ಲ. 2019ರಲ್ಲಿ ಹರಾಜು ಕಟ್ಟೆಯಲ್ಲಿ ಅದರ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಅಭಿಮಾನಿಗಳೇ ನಡೆಸುತ್ತಿದ್ದ ಖಾಸಗಿ ಸರ್ವರ್‌ಗಳಲ್ಲಿ ವರ್ಷಗಟ್ಟಲೆ ಆಡಿ ಈ ಸೂತ್ರಗಳನ್ನು ಅರೆದು ಕುಡಿದವರು ಮೊದಲ ದಿನವೇ ಸ್ಪ್ರೆಡ್‌ಶೀಟ್ ಹಿಡಿದು ಬಂದಿದ್ದರು. ಫಲವಾಗಿ ರೈಡ್ ಎಂದರೆ ವಾರಿಯರ್‌ಗಳ ಜಾತ್ರೆ.

ಇದಕ್ಕೆ ಇನ್ನೊಂದು ಮಿತಿಯೂ ಕುಮ್ಮಕ್ಕು ಕೊಟ್ಟಿತು. ಒಂದು ಬಾಸ್ ಮೇಲೆ ಏಕಕಾಲಕ್ಕೆ 16 ಡಿಬಫ್ (ಶತ್ರುವನ್ನು ಕುಗ್ಗಿಸುವ ಮಂತ್ರದ ಪರಿಣಾಮ) ಮಾತ್ರ ನಿಲ್ಲುತ್ತಿದ್ದವು. 17ನೆಯದು ಬಿದ್ದರೆ ಒಂದು ಹಳೆಯದು ಜಾರುತ್ತಿತ್ತು. 40 ಜನರಿಗೆ 16 ಜಾಗ. ನಿಧಾನವಿಷದಂತೆ ಕೊಲ್ಲುವ ಶ್ಯಾಡೋ ಪ್ರೀಸ್ಟ್, ಅಫ್ಲಿಕ್ಷನ್ ವಾರ್ಲಾಕ್‌ಗಳಿಗೆ ‘ನಿನ್ನ ಅರ್ಧ ಮಂತ್ರ ಹಾಕಬೇಡ’ ಎಂದು ಹೇಳಬೇಕಾಗುತ್ತಿತ್ತು. ಇದೂ ಸರ್ವರ್‌ನ ಬಡತನದ ಕೂಸು. ಆದರೆ ಸುಮ್ಮನೆ ಕಿತ್ತುಹಾಕುವಂತಿಲ್ಲ, ಏಕೆಂದರೆ ಆಗ ಎಲ್ಲರ ಹಾನಿಯೂ ಏರಿ, ಮೊದಲೇ ಮೆತ್ತಗಿರುವ ಬಾಸ್ ಇನ್ನೂ ಮೆತ್ತಗಾಗುತ್ತಾನೆ. 2021ರ ನವೆಂಬರ್‌ನಲ್ಲಿ ಬಂದ ಸೀಸನ್ ಆಫ್ ಮಾಸ್ಟರಿ ಎಂಬ ಕ್ಲಾಸಿಕ್‌ನ ಹೊಸ ಸುತ್ತು ಇದನ್ನು ಸರಿಯಾಗಿ ಮಾಡಿತು: ಮಿತಿ ತೆಗೆಯಿತು, ಜೊತೆಗೆ ಬಾಸ್‌ಗಳ ಆಯಸ್ಸು ಹೆಚ್ಚಿಸಿತು. ಕೊಟ್ಟ ಕೈಯಲ್ಲೇ ಕಿತ್ತುಕೊಂಡರೆ ತಕ್ಕಡಿ ಸಮ ಇರುತ್ತದೆ.

ವರ್ಲ್ಡ್ ಬಫ್‌ಗಳ (ಆಟದ ಜಗತ್ತಿನಲ್ಲಿ ಸಿಗುವ ತಾತ್ಕಾಲಿಕ ಬಲಗಳ) ಕಥೆ ಎಲ್ಲಕ್ಕಿಂತ ಘೋರ. ಓನಿಕ್ಸಿಯಾ ಡ್ರ್ಯಾಗನ್ನಿನ ತಲೆ ತಂದು ರಾಜಧಾನಿಯಲ್ಲಿ ಒಪ್ಪಿಸಿದರೆ ಊರಲ್ಲಿದ್ದವರಿಗೆಲ್ಲ ಎರಡು ಗಂಟೆ 140 ಅಟ್ಯಾಕ್ ಪವರ್ (ಏಟಿನ ಬಲ), ಆಯುಧದ ಕ್ರಿಟ್ (ಭಾರಿ ಏಟು ಬೀಳುವ ಸಾಧ್ಯತೆ) ಶೇ. 5, ಮಂತ್ರದ ಕ್ರಿಟ್ ಶೇ. 10. ಜುಲ್‌ಗುರುಬ್ ರೈಡ್‌ನ ಬಾಸ್ ಹಕ್ಕಾರ್‌ನಿಂದ ಪಾತ್ರದ ಎಲ್ಲ ಅಂಕಿಗಳೂ (ಶಕ್ತಿ, ಬುದ್ಧಿ ಇತ್ಯಾದಿ) ಶೇ. 15 ಹೆಚ್ಚು. ಫೆಲ್‌ವುಡ್ ಕಾಡಿನ ಹಾಡುವ ಹೂವಿನಿಂದ ಪ್ರತಿ ಅಂಕಿಗೆ 15, ಕ್ರಿಟ್ ಶೇ. 5, ಒಂದು ಗಂಟೆ. ಡಾರ್ಕ್‌ಮೂನ್ ಜಾತ್ರೆಯ ಜ್ಯೋತಿಷಿಯಿಂದ ಹಾನಿ ಶೇ. 10 ಹೆಚ್ಚು. ಸತ್ತರೆ ಎಲ್ಲವೂ ಮಾಯ. ಊರವರೆಲ್ಲ ಒಟ್ಟಿಗೆ ಸೇರಿ ಹಬ್ಬ ಮಾಡಲಿ ಎಂಬುದು ಮೂಲ ಆಶಯ. ಒಬ್ಬ ಆಟಗಾರನನ್ನು ಇನ್ನೊಬ್ಬನ ಹತ್ತಿರ ಕಳಿಸುತ್ತದೋ ಎಂಬ ಮೇಲಿನ ಪ್ರಶ್ನೆಯಲ್ಲಿ ಇದು ಗೆಲ್ಲಬೇಕಿತ್ತು. ಆದರೆ ಇವೆಲ್ಲ ಒಂದರ ಮೇಲೊಂದು ಪೇರಿಸಬಹುದು ಎಂದು ಗೊತ್ತಿರುವ ಜನರ ಕೈಗೆ ಸಿಕ್ಕಾಗ ಅದು ಹಬ್ಬವಾಗಿ ಉಳಿಯಲಿಲ್ಲ, ಡ್ಯೂಟಿಯಾಯಿತು. ತಲೆ ಒಪ್ಪಿಸಲು ಗಿಲ್ಡ್‌ಗಳ (ಆಟಗಾರರ ಸಂಘಗಳ) ನಡುವೆ ವೇಳಾಪಟ್ಟಿ. ಸಮಯ ತಪ್ಪಿಸಿ ಒಪ್ಪಿಸಿದವನಿಗೆ ಇಡೀ ಸರ್ವರ್‌ನ ಶಾಪ. ಬಫ್ ಸಿಕ್ಕ ಕೂಡಲೇ ಲಾಗೌಟ್, ಏಕೆಂದರೆ ಆಟದಲ್ಲಿ ಇಲ್ಲದಿದ್ದರೆ ಗಡಿಯಾರ ಓಡುವುದಿಲ್ಲ. ಮತ್ತೆ ಲಾಗಿನ್ ಆಗುವುದು ರೈಡ್ ರಾತ್ರಿಯೇ. ಅಂದರೆ ಊರನ್ನು ಒಟ್ಟುಗೂಡಿಸಲು ಮಾಡಿದ ವ್ಯವಸ್ಥೆ ಊರನ್ನೇ ಖಾಲಿ ಮಾಡಿತು.

ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವ ಜನ ಇವರು. ಆಟದಲ್ಲಿ ಹೋರ್ಡ್, ಅಲಯನ್ಸ್ ಎಂದು ಎರಡು ಶತ್ರುಪಕ್ಷಗಳು. ಒಂದು ಬಫ್ ಹೋರ್ಡ್ ಪಕ್ಷಕ್ಕೆ ಮಾತ್ರ ಮೀಸಲು: 300 ಆಯಸ್ಸು, ಏಟಿನ ವೇಗ ಶೇ. 15. ಅಲಯನ್ಸ್‌ನವರು ಏನು ಮಾಡಿದರು? ಹೋರ್ಡ್ ಪಕ್ಷದಲ್ಲಿ ಒಬ್ಬ ಪ್ರೀಸ್ಟ್‌ನನ್ನು ಕ್ರಾಸ್‌ರೋಡ್ಸ್ ಊರಿನಲ್ಲಿ ನಿಲ್ಲಿಸಿದರು. ಬಫ್ ಬೀಳುವ ಕ್ಷಣಕ್ಕೆ ಸರಿಯಾಗಿ ಆತ ಅಲಯನ್ಸ್ ಆಟಗಾರನ ಮೇಲೆ ಮೈಂಡ್ ಕಂಟ್ರೋಲ್ ಹಾಕುತ್ತಾನೆ. ಮನಸ್ಸು ವಶವಾಗಿರುವ ಅಷ್ಟು ಹೊತ್ತು ಸರ್ವರ್ ಲೆಕ್ಕದಲ್ಲಿ ಅವನೂ ಹೋರ್ಡ್. ಬಫ್ ಬಿತ್ತು, ಮುಂದಿನವನು ಬಾ. ಬುದ್ಧಿಗೆ ಶಹಬ್ಬಾಸ್ ಅನ್ನಲೇಬೇಕು, ಆದರೆ ವಾರಕ್ಕೊಮ್ಮೆ ಇದನ್ನು ಕಡ್ಡಾಯ ಮಾಡುವ ಗಿಲ್ಡ್‌ನಲ್ಲಿ ಆಟ ಎಲ್ಲಿ ಉಳಿಯಿತು?

ಪರಿಹಾರ ಬಂದದ್ದು ಬರ್ನಿಂಗ್ ಕ್ರುಸೇಡ್‌ಗೆ ಎರಡು ತಿಂಗಳೂ ಇಲ್ಲದಾಗ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕ್ರೋನೋಬೂನ್ ಎಂಬ ಸಾಧನದೊಳಗೆ ಬಫ್‌ಗಳನ್ನು ತುಂಬಿಟ್ಟು, ಬೇಕಾದಾಗ ಬಿಡಿಸಿಕೊಳ್ಳಬಹುದು. ಲಾಗೌಟ್ ಆಗಿ ಕೂರುವ ಕರ್ಮ ತಪ್ಪಿತು, ಬಫ್ ಹುಡುಕಿ ಅಲೆಯುವುದು ತಪ್ಪಲಿಲ್ಲ. ನನ್ನ ಮತ ಸೀಸನ್ ಆಫ್ ಮಾಸ್ಟರಿಯ ಕಡೆಗೇ: ಊರಲ್ಲಿ ಬಫ್ ಇರಲಿ, ರೈಡ್ ಬಾಗಿಲು ದಾಟಿದರೆ ಕೆಲಸ ಮಾಡದಿರಲಿ.

ಜನಸಂಖ್ಯೆಯ ತಪ್ಪು ಇನ್ನೊಂದು ಬಗೆಯದು. ಅಜೆರಾತ್ ಜಗತ್ತನ್ನು ಅಳೆದು ಕಟ್ಟಿದ್ದು ಒಮ್ಮೆಗೆ ಎರಡೂವರೆ, ಮೂರು ಸಾವಿರ ಜನರಿಗೆ. 2019ರ ಆರಂಭದಲ್ಲಿ ಕೆಲವು ಸರ್ವರ್‌ಗಳ ಬಾಗಿಲಲ್ಲೇ ಹತ್ತು ಸಾವಿರಕ್ಕೂ ಮೀರಿ ಜನ ಕಾಯುತ್ತಿದ್ದರು. ಲೇಯರಿಂಗ್ ಎಂಬ ಉಪಾಯ ಬಂತು: ಇಡೀ ಜಗತ್ತಿನ ಹಲವು ನಕಲು, ಒಬ್ಬೊಬ್ಬರು ಒಂದೊಂದರಲ್ಲಿ. ಗುಂಪಿಗೆ ಸೇರಿದರೆ ನಾಯಕನ ಲೇಯರ್‌ಗೆ ಹೋಗುತ್ತೀರಿ. ಅಷ್ಟು ಸಾಕಲ್ಲ, ಗಣಿಯಲ್ಲಿ ಅದಿರು ಅಗೆದು, ‘ಬೇರೆ ಲೇಯರ್ ಇನ್ವೈಟ್ ಕೊಡಿ’ ಎಂದು ಚಾಟ್‌ನಲ್ಲಿ ಕೂಗಿ, ಹಾರಿ, ಅದೇ ಜಾಗದ ಅದಿರನ್ನು ಮತ್ತೆ ಅಗೆಯುವವರು ಹುಟ್ಟಿಕೊಂಡರು. ಲೇಯರ್ ಬದಲಿಸಲು ಕಾಯುವ ಸಮಯ ಹಾಕಿದರು. ಆಟದ ಭಾಗಗಳನ್ನು ಹಂತ ಹಂತವಾಗಿ ತೆರೆಯುತ್ತಿದ್ದರು, ಎರಡನೇ ಹಂತಕ್ಕೆ ಮುಂಚೆ ಲೇಯರ್‌ಗಳನ್ನೇ ತೆಗೆದರು. ಆಗ ಉಲ್ಟಾ ಸಮಸ್ಯೆ. ಹಲವು ಪಟ್ಟು ಜನ, ಒಂದೇ ಜಗತ್ತು. ಫ್ಲಾಸ್ಕ್ (ಬಲ ಹೆಚ್ಚಿಸುವ ಕಷಾಯ) ಮಾಡಲು ಬೇಕಾದ ಬ್ಲ್ಯಾಕ್ ಲೋಟಸ್ ಹೂವು ಬಿಡುವುದು ನಾಲ್ಕೇ ಪ್ರದೇಶಗಳಲ್ಲಿ, ಗಂಟೆಗೆ ಒಂದರಂತೆ. ಒಂದು ಫ್ಲಾಸ್ಕ್‌ಗೆ ಒಂದು ಹೂವು. ಸಣ್ಣ ಊರಿನ ಬಾವಿಗೆ ನಗರದ ಜನ ಕೊಡ ಹಿಡಿದು ಬಂದಂತಾಯಿತು. ಬೆಲೆ ಏರಿತು, ದುಡ್ಡಿರುವ ಗುಂಪುಗಳು ಪಾಳಿ ಹಾಕಿಕೊಂಡು ಹೂವನ್ನು ಕಾದವು. 2020ರಲ್ಲಿ ಹೂವು ಬಿಡುವ ಪ್ರಮಾಣ ಹೆಚ್ಚಿಸಬೇಕಾಯಿತು. ಹಳೇ ಅಂಕಿಯನ್ನು ಉಳಿಸಿಕೊಳ್ಳುವುದಾದರೆ ಹಳೇ ಜನಸಂಖ್ಯೆಯನ್ನೂ ಉಳಿಸಿಕೊಳ್ಳಬೇಕು. ಅದು ಆಗದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು.

2019ರ ನವೆಂಬರ್ 12ಕ್ಕೆ ಹಾನರ್ ವ್ಯವಸ್ಥೆ (ಎದುರು ಪಕ್ಷದ ಆಟಗಾರರನ್ನು ಕೊಂದು ಅಂಕ ಗಳಿಸುವುದು) ಬಂತು, ರಣರಂಗಗಳು ಬಂದದ್ದು ಡಿಸೆಂಬರ್ 10ಕ್ಕೆ. ಮೂಲ ಆಟದಲ್ಲೂ ಮೊದಲು ಹಾನರ್, ಆಮೇಲೆ ರಣರಂಗ. ಕಾಗದದ ಮೇಲೆ ನಿಷ್ಠೆಯೇ. ಆದರೆ ತುಂಬಿ ತುಳುಕುವ ಪಿವಿಪಿ (ಆಟಗಾರರು ಒಬ್ಬರನ್ನೊಬ್ಬರು ಕೊಲ್ಲಬಹುದಾದ) ಸರ್ವರ್‌ಗಳಲ್ಲಿ ಆ ನಾಲ್ಕು ವಾರ ರೈಡ್‌ಗಳಿರುವ ಬ್ಲ್ಯಾಕ್‌ರಾಕ್ ಬೆಟ್ಟದ ಬಾಗಿಲಿಗೆ ಹೋಗುವುದೆಂದರೆ ಹೆಣವಾಗಿ ಓಡುವುದು ಎಂದೇ ಅರ್ಥ. ಕಡಿಮೆ ಜನರ ಪಕ್ಷದವರು ಆಟ ಬಿಟ್ಟರು ಅಥವಾ ದುಡ್ಡು ಕೊಟ್ಟು ಸರ್ವರ್ ಬದಲಿಸಿದರು. ಬದಲಿಸಿದಷ್ಟೂ ಅಸಮತೋಲ ಹೆಚ್ಚಿತು. ವರ್ಗಾವಣೆ ಎಂಬ ಒಂದು ಬಾಗಿಲು ತೆರೆದರೆ ಹಳೇ ಸರ್ವರ್‌ನ ಊರುತನವೇ ಸೋರಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಾಟ್ (ಮನುಷ್ಯರಿಲ್ಲದೆ ತಾನೇ ಆಡುವ ಪ್ರೋಗ್ರಾಂ) ಮತ್ತು ಬೂಸ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬ ಮೇಜ್ ಗುಹೆಯ ರಾಕ್ಷಸರನ್ನೆಲ್ಲ ಒಟ್ಟು ಎಳೆದು ಹಿಮದ ಮಳೆಯಲ್ಲಿ ಸಾಯಿಸುತ್ತಾನೆ, ಗೋಲ್ಡ್ ಕೊಟ್ಟ ನಾಲ್ವರು ಬಾಗಿಲಲ್ಲಿ ನಿಂತು ಲೆವೆಲ್ ಪಡೆಯುತ್ತಾರೆ. ಇದಕ್ಕೂ ಬಾಟ್‌ಗಳಿಗೂ ಕಡಿವಾಣವಾಗಿ 2020ರ ಜೂನ್‌ನಲ್ಲಿ ದಿನಕ್ಕೆ 30 ಗುಹೆಗಳ ಮಿತಿ ಬಂತು. ಆಗಲೇ ಒಂದು ತಿಂಗಳಲ್ಲಿ 74,000ಕ್ಕೂ ಹೆಚ್ಚು ಖಾತೆಗಳನ್ನು ಅಮಾನತು ಮಾಡಿದ್ದಾಗಿ ಕಂಪನಿ ಹೇಳಿತ್ತು.

ಹಳೇ ಆಟ ವಾಪಸ್ ತರುವ ಇದೇ ಕೆಲಸವನ್ನು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಇನ್ನೊಂದು ಆನ್‌ಲೈನ್ ಆಟ ಹೇಗೆ ಮಾಡಿತು ನೋಡಿ. 2007ರ ಆಗಸ್ಟ್‌ನ ಬ್ಯಾಕಪ್ ತೆಗೆದು 2013ರ ಫೆಬ್ರವರಿಯಲ್ಲಿ ಬಿಟ್ಟರು. ಅಲ್ಲಿಂದ ಮುಂದೆ ಏನೇ ಸೇರಿಸಬೇಕಾದರೂ ಆಟಗಾರರ ಮತದಾನ. ಮೊದಲು ಶೇ. 75 ಬೇಕಿತ್ತು, 2022ರಲ್ಲಿ ಶೇ. 70ಕ್ಕೆ ಇಳಿಸಿದರು. ಎಲ್ಲರ ಸರಕನ್ನೂ ಒಂದೇ ಕಡೆ ಮಾರುವ ಗ್ರ್ಯಾಂಡ್ ಎಕ್ಸ್‌ಚೇಂಜ್ ಕೂಡ 2015ರಲ್ಲಿ ಮತದಿಂದಲೇ ವಾಪಸ್ ಬಂದದ್ದು. ಹಳೇ ಬುಡದಿಂದ ಬೇರೆ ದಿಕ್ಕಿಗೆ ಕೊಂಬೆ ಬೆಳೆಸಿದರು. ಬ್ಲಿಝರ್ಡ್ ಮಾತ್ರ ಹಳೇ ದಾರಿಯಲ್ಲೇ ಬರ್ನಿಂಗ್ ಕ್ರುಸೇಡ್, ಲಿಚ್ ಕಿಂಗ್ ಎಂಬ ಹಳೇ ವಿಸ್ತರಣೆಗಳನ್ನೇ ಹಿಡಿದು ಮತ್ತೆ ನಡೆಯಿತು. ಯಾವ ತಿರುವಿನಲ್ಲಿ ಬೇಸರವಾಗಿ ಜನ ಇಳಿದುಹೋಗಿದ್ದರೋ ಅದೇ ತಿರುವಿಗೆ ಬಸ್ಸು ಮತ್ತೆ ಬರುತ್ತದೆ. 2023ರ ನವೆಂಬರ್‌ನ ಸೀಸನ್ ಆಫ್ ಡಿಸ್ಕವರಿಯಲ್ಲಷ್ಟೇ ಕೊಂಬೆ ಬೆಳೆಸುವ ಧೈರ್ಯ ಕಂಡದ್ದು. ರೈಡ್ ಲೂಟನ್ನು ಗೋಲ್ಡ್‌ಗೆ ಹರಾಜು ಹಾಕುವ ಜಿಡಿಕೆಪಿ ಪದ್ಧತಿಯನ್ನು ಅಲ್ಲಿ ಎರಡನೇ ಹಂತದಿಂದ ನಿಷೇಧಿಸಿದ್ದೂ ಸರಿಯೇ.

2024ರ ನವೆಂಬರ್ 21ರಂದು ತೆರೆದ 20ನೇ ವಾರ್ಷಿಕೋತ್ಸವದ ಸರ್ವರ್‌ಗಳಲ್ಲಿ ವಿಂಗಡಣೆ ಕೊನೆಗೂ ಕಂಡಿತು. ಡಿಬಫ್ ಮಿತಿ ಇಲ್ಲ, ಬ್ಯಾಚಿಂಗ್ ಇಲ್ಲ. ಎರಡು ಟ್ಯಾಲೆಂಟ್ ವಿನ್ಯಾಸಗಳ ನಡುವೆ ಬದಲಿಸಿಕೊಳ್ಳಬಹುದು, ಹಾಗಾಗಿ ಹೀಲರ್ ಆದವನು ಹೊರಗೆ ಒಬ್ಬನೇ ಬೇಟೆಯಾಡಲು ಪ್ರತಿ ಸಲ ಗೋಲ್ಡ್ ಸುರಿಯಬೇಕಿಲ್ಲ. ಗಿಲ್ಡ್‌ನವರ ನಡುವೆ ಅಂಚೆ ತಕ್ಷಣ ತಲುಪುತ್ತದೆ. ಹಳೇ ಹಾನರ್‌ನಲ್ಲಿ 14ನೇ ರ‍್ಯಾಂಕ್‌ಗೆ ಸರ್ವರ್‌ನ ಬೇರೆಲ್ಲರನ್ನೂ ಮೀರಿಸಿ ವಾರಗಟ್ಟಲೆ ನಿದ್ದೆಗೆಡಬೇಕಿತ್ತು, ಒಂದೇ ಖಾತೆಯನ್ನು ಹಲವರು ಪಾಳಿಯಲ್ಲಿ ಆಡುವುದೂ ಇತ್ತು. ಈ ಸರ್ವರ್‌ಗಳು ತೆರೆದಾಗ ಪ್ರತಿ ವಾರ ನಿಗದಿತ ಗುರಿ ಮುಟ್ಟಿದರೆ ಸಾಕಿತ್ತು. ಗುಂಪು ಹುಡುಕುವ ಫಲಕ ಇದೆ, ಆದರೆ ಅದು ನಿಮ್ಮನ್ನು ಗುಹೆಗೆ ಹಾರಿಸುವುದಿಲ್ಲ. ನಡೆದೇ ಹೋಗಬೇಕು, ಮಾತಾಡಿಯೇ ಸೇರಬೇಕು. ಇಷ್ಟೇ ಸಾಕಿತ್ತು 2019ರಲ್ಲೂ.

ಹಾರ್ಡ್‌ಕೋರ್ ಸರ್ವರ್ ಬೇರೆಯದೇ ಜಾತಿ. 2023ರ ಆಗಸ್ಟ್ 24ರಂದು ಅಧಿಕೃತವಾಗಿ ಶುರುವಾಯಿತು. ಸತ್ತರೆ ಪಾತ್ರ ಸತ್ತಂತೆಯೇ. ಬೇಕಾದರೆ ಮಾಮೂಲಿ ಸರ್ವರ್‌ಗೆ ಸಾಗಿಸಿಕೊಳ್ಳಬಹುದು. ಹಳೇ ಆಟಕ್ಕೆ ಭಯವನ್ನು ವಾಪಸ್ ಕೊಟ್ಟದ್ದು ಈ ಒಂದು ನಿಯಮ. ಸೂತ್ರ ಎಷ್ಟೇ ಬಾಯಿಪಾಠ ಇರಲಿ, ಗುಹೆಯಲ್ಲಿ ಹಿಂದಿನಿಂದ ಇನ್ನೊಂದು ಗುಂಪು ಬಂದರೆ ಬೆವರು ಬರುತ್ತದೆ. ಇದರ ದೌರ್ಬಲ್ಯವೆಂದರೆ ಸರ್ವರ್ ತೊದಲಿದರೂ ನೀವೇ ಸಾಯುತ್ತೀರಿ. 2025ರ ಮಾರ್ಚ್‌ನಲ್ಲಿ ಡಿಡಾಸ್ ದಾಳಿಗೆ (ಸುಳ್ಳು ಸಂಪರ್ಕಗಳಲ್ಲಿ ಸರ್ವರ್ ಮುಳುಗಿಸುವ ದಾಳಿಗೆ) ಸಿಕ್ಕು ಸತ್ತ ಪಾತ್ರಗಳನ್ನು ಕಂಪನಿಯೇ ಬದುಕಿಸಬೇಕಾಯಿತು. ಮಾಮೂಲಿ ಇಂಟರ್ನೆಟ್ ಕಡಿತಕ್ಕೆ ಆ ದಯೆ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಿನವರು ರೌಟರ್‌ಗೂ ಕಂಪ್ಯೂಟರ್‌ಗೂ ಯುಪಿಎಸ್ ಇಲ್ಲದೆ ಈ ಕಡೆ ಬರಬೇಡಿ.

ನಮ್ಮ ಕಡೆಯಿಂದ ಆಡುವವರಿಗೆ ಕೆಲವು ಮಾತು. ಭಾರತದಲ್ಲಿ ಸರ್ವರ್ ಇಲ್ಲ. ಯುರೋಪ್ ಆರಿಸಿದರೆ ಅಲ್ಲಿನ ಗಿಲ್ಡ್‌ಗಳ ರಾತ್ರಿ 8 ಗಂಟೆಯ ರೈಡ್ ನಮಗೆ ಚಳಿಗಾಲದಲ್ಲಿ ರಾತ್ರಿ 12.30, ಬೇಸಿಗೆಯಲ್ಲಿ 11.30. ಬೆಳಗ್ಗೆ ಆಫೀಸ್ ಇದ್ದರೆ ಯೋಚಿಸಿ. ಓಷಿಯಾನಿಯಾ ಸರ್ವರ್‌ಗಳ ರಾತ್ರಿ 8 ನಮಗೆ ಮಧ್ಯಾಹ್ನ 3.30ರ ಸುಮಾರು, ಭಾನುವಾರಕ್ಕೆ ಅಡ್ಡಿಯಿಲ್ಲ. ಯುರೋಪಿನಲ್ಲಿ ಬೆಳೆಸಿದ ಪಾತ್ರವನ್ನು ಅಮೆರಿಕದ ವಲಯಕ್ಕೆ (ಓಷಿಯಾನಿಯಾ ಅದರಲ್ಲೇ ಬರುತ್ತದೆ) ಒಯ್ಯಲಾಗುವುದಿಲ್ಲ, ಆದ್ದರಿಂದ ಗೆಳೆಯರು ಎಲ್ಲಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಿ. ಪಿಂಗ್ ಜಾಸ್ತಿ ಇದ್ದರೆ ಹಂಟರ್ ಅಥವಾ ವಾರ್ಲಾಕ್ ಆರಿಸಿ. ಶತ್ರುವಿನ ಮಂತ್ರವನ್ನು ಕ್ಷಣದಲ್ಲಿ ತಡೆಯಬೇಕಾದ ರೋಗ್ ಬೇಡ. ಪ್ರತ್ಯೇಕ ಖರೀದಿ ಏನಿಲ್ಲ, ಅಮೆರಿಕದ ದರದಲ್ಲಿ ತಿಂಗಳಿಗೆ 14.99 ಡಾಲರ್ ಚಂದಾದಲ್ಲೇ ಹೊಸ ವಾವ್ ಮತ್ತು ಕ್ಲಾಸಿಕ್ ಎರಡೂ ಬರುತ್ತವೆ. ಹೊಸ ವಾವ್‌ನಲ್ಲಿರುವ 20ನೇ ಲೆವೆಲ್‌ವರೆಗಿನ ಉಚಿತ ಆಟ ಇದಕ್ಕೆ ಅನ್ವಯಿಸುವುದಿಲ್ಲ, ಮೊದಲ ದಿನದಿಂದಲೇ ಚಂದಾ ಬೇಕು. ಒಂದೇ ತಿಂಗಳಿಗೆ ಕಟ್ಟಿ, ಯಾರಿಗೂ ಬೂಸ್ಟ್‌ಗೆ ಗೋಲ್ಡ್ ಕೊಡದೆ 30ನೇ ಲೆವೆಲ್‌ವರೆಗೆ ಹೋಗಿ. ಅಷ್ಟರಲ್ಲಿ ಒಬ್ಬರಾದರೂ ನಿಮ್ಮ ಹೆಸರು ಹಿಡಿದು ಕರೆದು ಗುಹೆಗೆ ಬರುತ್ತೀರಾ ಎಂದು ಕೇಳಿದರೆ ಎರಡನೇ ತಿಂಗಳಿಗೂ ಕಟ್ಟಿ.